ಬೊಗಳೋದೇ ಅದರ ನೌಕರಿಯಾಗಿತ್ತು: ರಾತ್ರಿ ನಾಯಿಯ ಹಳೇ ಕಥೆ, ಹೊಸ ಕಷ್ಟ

ಬೀದಿಯಲ್ಲಿ ಗಾಯವಾಗಿ ಬಿದ್ದಿದ್ದ ನಾಯಿಯನ್ನೋ, ತಾಯಿ ಕಳಕೊಂಡ ಮರಿಯನ್ನೋ ಮನೆಗೆ ತಂದು ಸಾಕುವವರು ಈಗ ದಾವಣಗೆರೆ, ಹರಿಹರದಲ್ಲೂ ಇದ್ದಾರೆ, ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ತಂದ ನಾಯಿ ಹಗಲೆಲ್ಲ ಮೂಲೆಯಲ್ಲಿ ಮುದುರಿ ಮಲಗುತ್ತದೆ. ರಾತ್ರಿ ಹನ್ನೊಂದಾಯಿತು ಅಂದರೆ ಶುರು. ಗೇಟಿನ ಮುಂದೆ ಯಾರೋ ಹೋದರೂ ಬೊಗಳು, ದೂರದಲ್ಲಿ ಇನ್ನೊಂದು ನಾಯಿ ಬೊಗಳಿದರೂ ಬೊಗಳು, ಯಾರೂ ಇಲ್ಲದಿದ್ದರೂ ಬೊಗಳು.

ಎರಡನೇ ರಾತ್ರಿಗೆ ಪಕ್ಕದ ಮನೆಯವರು ಮಾತಾಡುತ್ತಾರೆ. "ಏನ್ರೀ ನಿಮ್ ನಾಯಿ, ರಾತ್ರಿಯೆಲ್ಲ ನಿದ್ದಿ ಇಲ್ಲ." ವಾರದೊಳಗೆ ಮನೆಯಲ್ಲೇ ಜಗಳ ಹತ್ತುತ್ತದೆ. ಕೊನೆಗೆ ಒಂದು ದಿನ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಹೊಳೆ ದಂಡೆಗೋ, ಊರ ಹೊರಗಿನ ರಸ್ತೆಗೋ ಬಿಟ್ಟು ಬರುತ್ತಾರೆ. ಪರ ಓಣಿಗೆ ಬಿದ್ದ ನಾಯಿಯನ್ನು ಅಲ್ಲಿನ ನಾಯಿಗಳು ಸುಮ್ಮನೆ ಬಿಡುವುದಿಲ್ಲ. ಉಳಿಸಲು ತಂದವರ ಕೈಯಿಂದಲೇ ಅದರ ಕಥೆ ಮುಗಿಯುತ್ತದೆ.

"ಈ ನಾಯಿಗೆ ಏನಾಗಿದೆ?" ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಅದು ತನ್ನ ಕೆಲಸ ಮಾಡುತ್ತಿರುತ್ತದೆ. ಆ ಕೆಲಸ ಕೊಟ್ಟವರು ನಾವು, ನಮ್ಮ ಅಜ್ಜಂದಿರು, ಅವರ ಅಜ್ಜಂದಿರು. ಅದನ್ನು ಬಿಡಿಸುವುದು ಹೇಗೆ ಅಂತ ತಿಳಿಯಬೇಕಾದರೆ ಕೊಟ್ಟದ್ದು ಹೇಗೆ ಅಂತ ಮೊದಲು ತಿಳಿಯಬೇಕು.

ತೋಳ ಬೊಗಳುವುದು ಕಡಿಮೆ

ನಾಯಿ ಹುಟ್ಟಿದ್ದು ತೋಳದ ವಂಶದಲ್ಲಿ. ಮನುಷ್ಯನ ಜೊತೆ ಅದು ಸೇರಿಕೊಂಡು ಕನಿಷ್ಠ 15,000 ವರ್ಷವಾಗಿದೆ ಎನ್ನುತ್ತಾರೆ ವಿಜ್ಞಾನಿಗಳು. ಆದರೆ ಬೆಳೆದ ತೋಳ ಬೊಗಳುವುದು ಬಹಳ ಅಪರೂಪ. ಅಪಾಯ ಕಂಡಾಗ ಒಂದೆರಡು ಸಲ ಬೊಗಳಿ ಸುಮ್ಮನಾಗುತ್ತದೆ. ಉಳಿದಂತೆ ಊಳಿಡುತ್ತದೆ, ಗುರುಗುಡುತ್ತದೆ. ಹಗಲು ರಾತ್ರಿ ಬೊಗಳುವ ಗುಣ ಬೆಳೆದದ್ದು ನಾಯಿಯಲ್ಲಿ ಮಾತ್ರ, ಅದೂ ಮನುಷ್ಯನ ಬೆಂಕಿಯ ಸುತ್ತ ಮಲಗಲು ಶುರು ಮಾಡಿದ ಮೇಲೆ.

ಕಾರಣ ಊಹಿಸುವುದು ಕಷ್ಟವಲ್ಲ. ಮನುಷ್ಯನ ಕಣ್ಣು ಕತ್ತಲಲ್ಲಿ ಕೆಲಸಕ್ಕೆ ಬಾರದು, ಕಿವಿಯೂ ಮಂದ. ನಾವು ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿದರೆ ನಾಯಿ ಅದರ ಎರಡು ಪಟ್ಟಿಗೂ ಮೀರಿ ಕೇಳುತ್ತದೆ. ಮಲಗಿದವರನ್ನು ಎಬ್ಬಿಸುವ ನಾಯಿಗೆ ಎಂಜಲು ಸಿಕ್ಕಿತು, ಜಾಗ ಸಿಕ್ಕಿತು, ಅದರ ಮರಿಗಳು ಉಳಿದವು. ಸುಮ್ಮನಿರುವ ನಾಯಿಯನ್ನು ಯಾರೂ ಸಾಕಲಿಲ್ಲ.

ರಾಜರ ನಾಯಿಗೆ ಕಲ್ಲು ನಿಂತಿತು

ಕನ್ನಡ ನಾಡಿನ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ನಾಯಿ ಅಂದರೆ ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನ ಕಾಳಿ. ಅದರ ಕಲ್ಲು ಕ್ರಿ.ಶ. 949-50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ. ಬೂತುಗನ ಬಂಟ ಮಣಲೆರ ಅಲ್ಲಿ ಚೆನ್ನಾಗಿ ಕಾದಿದ. ಮೆಚ್ಚಿದ ಬೂತುಗ, ಏನು ಬೇಕೋ ಕೇಳು ಅಂದಾಗ ಮಣಲೆರ ಕೇಳಿದ್ದು ಹೊನ್ನಲ್ಲ, ಬೂತುಗನ ಬೇಟೆ ನಾಯಿ ಕಾಳಿಯನ್ನು.

ಆಮೇಲೆ ಒಂದು ಬೇಟೆಯಲ್ಲಿ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಶಾಸನ ಹೇಳುತ್ತದೆ. ಗೊರವ ಅಂದರೆ ಆಗ ಶಿವನ ಗುಡಿಯ ಅರ್ಚಕ. ಈ ಪದವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲೂ ನಾಯಿಗಳ ಬಗ್ಗೆ ಒಂದು ಭಾಗವಿದೆ. ಅದೂ ರಾಜರ ವಿನೋದದ ನಾಯಿಗಳದ್ದೇ. ಬೇಟೆ ನಾಯಿಗೆ ಕಲ್ಲು ಸಿಕ್ಕಿತು, ಪುಸ್ತಕ ಸಿಕ್ಕಿತು. ರಾತ್ರಿಯೆಲ್ಲ ಕಣ ಕಾದ, ಬಣವೆ ಕಾದ, ದನದ ಕೊಟ್ಟಿಗೆ ಕಾದ ನಾಯಿಯ ಹೆಸರು ಹೀಗೆ ಉಳಿಯಲಿಲ್ಲ.

ಹಾಗಂತ ಕಾವಲಿನ ಸುಳಿವೇ ಇಲ್ಲ ಅಂತಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ತಾಳೆಗರಿಗಳಲ್ಲಿ ಸಿಕ್ಕ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಒಂದು ಮಾತಿದೆ. ಬೇಟೆಗಾರರು, ನಾಯಿ ಸಾಕಿದವರು ಕಾಡು ಸುತ್ತುತ್ತಿರಬೇಕು, ಕಳ್ಳರೋ ಶತ್ರುಗಳೋ ಬಂದರೆ ಶಂಖ ಊದಿ, ನಗಾರಿ ಬಡಿದು ಎಚ್ಚರಿಸಬೇಕು ಅಂತ. ಊರುಗಳಲ್ಲಿ ಶಂಖ ಊದುವವರು ಎಲ್ಲಿದ್ದರು? ಅಲ್ಲಿ ರಾತ್ರಿ ಕಾವಲು ಅಂದರೆ ಒಬ್ಬ ತಳವಾರ, ಓಣಿಗೆ ನಾಲ್ಕು ನಾಯಿ. ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವರ ವೀರಗಲ್ಲು ನಾಡಿನ ಎಷ್ಟೋ ಊರ ಬಾಗಿಲಲ್ಲಿವೆ. ಅಂಥ ಕಾಲದಲ್ಲಿ ಮೊದಲ ಸುದ್ದಿ ಕೊಡಬಲ್ಲದ್ದು ನಾಯಿ ಒಂದೇ.

ರೊಪ್ಪದ ನಾಯಿ, ದೇವರಗುಡ್ಡದ ಗೊರವಯ್ಯ

ಈ ಕೆಲಸ ಇವತ್ತಿಗೂ ನಡೆಯುತ್ತಿರುವುದನ್ನು ನೋಡಬೇಕಾದರೆ ಕುರಿ ಮಂದೆ ಬೀಡು ಬಿಟ್ಟ ಹೊಲಕ್ಕೆ ರಾತ್ರಿ ಹೋಗಿ. ಬಲೆ ಕಟ್ಟಿದ ರೊಪ್ಪದೊಳಗೆ ಕುರಿ, ಸುತ್ತ ನಾಲ್ಕು ದಿಕ್ಕಿಗೆ ನಾಯಿ, ನಡುವೆ ಕಂಬಳಿ ಹೊದ್ದ ಕುರಿಗಾರರು. ನಾಯಿ ಬೊಗಳಿದ ತಕ್ಷಣ ಅವರು ಏಳುವುದಿಲ್ಲ. ಮಲಗಿದಲ್ಲೇ ಕೇಳುತ್ತಾರೆ. ದಾರಿಹೋಕನಿಗೆ ಬೊಗಳುವ ಧ್ವನಿ ಬೇರೆ, ತೋಳ ಬಂದಾಗಿನ ಧ್ವನಿ ಬೇರೆ. ಎರಡನೆಯದು ಕೇಳಿದರೆ ಮಾತ್ರ ಕೋಲು, ಬ್ಯಾಟರಿ ಹಿಡಿದು ಏಳುತ್ತಾರೆ.

ಇದನ್ನು ಹಂಗೆರಿ ದೇಶದ ಬುಡಾಪೆಸ್ಟ್ ನಗರದ ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ. ಅವರು ಆರಿಸಿಕೊಂಡದ್ದೂ ಕುರಿ ಕಾಯುವ ನಾಯಿಯನ್ನೇ, ಅಲ್ಲಿನ 'ಮೂಡಿ' ತಳಿ. ಬೇರೆ ಬೇರೆ ಸಂದರ್ಭದ ಬೊಗಳು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. ನಾಯಿ ಸಾಕದವರೂ ಸಾಕಷ್ಟು ಸರಿಯಾಗಿ ಗುರುತಿಸಿದರು. ದಪ್ಪ ಧ್ವನಿಯಲ್ಲಿ ಬಿಡುವಿಲ್ಲದೆ ಬೊಗಳಿದರೆ ಅಪರಿಚಿತರ ಮೇಲಿನ ಸಿಟ್ಟು. ಸಣ್ಣ ಧ್ವನಿಯಲ್ಲಿ ಬಿಟ್ಟು ಬಿಟ್ಟು ಬೊಗಳಿದರೆ ಒಂಟಿತನ, ಭಯ. ನಮ್ಮ ಭಾಷೆಯಲ್ಲೂ ಇದಕ್ಕೆ ಬೇರೆ ಬೇರೆ ಪದ ಇವೆಯಲ್ಲ: ಬೊಗಳುವುದು, ಗುರ್ ಅನ್ನುವುದು, ಕುಂಯ್‌ಗುಟ್ಟುವುದು, ಊಳಿಡುವುದು.

ಕುರಿಗಾರರ ಈ ನಾಯಿ ದೇವರ ಹತ್ತಿರವೂ ಹೋಗಿ ಕೂತಿದೆ. ಹರಿಹರದ ತುಂಗಭದ್ರಾ ಸೇತುವೆ ದಾಟಿ ರಾಣೆಬೆನ್ನೂರು ಕಡೆ ಹೊರಟರೆ ದೇವರಗುಡ್ಡ. ಹೂವಿನಹಡಗಲಿ ತಾಲೂಕಿನ ಹೊಳೆ ದಂಡೆಯಲ್ಲಿ ಮೈಲಾರ. ಎರಡೂ ಮೈಲಾರಲಿಂಗನ ಕ್ಷೇತ್ರಗಳು, ಎರಡೂ ಕಡೆ ಕಾರ್ಣಿಕ ಕೇಳಲು ಜನ ಸೇರುತ್ತಾರೆ. ಕುದುರೆ ಏರಿದ ಮೈಲಾರನ ಜೊತೆ ನಾಯಿ ಇರುತ್ತದೆ. ಅವನ ಗೊರವಯ್ಯಗಳು ಕರಿ ಕಂಬಳಿ ಹೊದ್ದು, ಡಮರುಗ ಹಿಡಿದು, ತಾವು ದೇವರ ನಾಯಿಗಳು ಅಂತ ಬೊಗಳುತ್ತಾರೆ. ದೋಣಿಯಲ್ಲಿಟ್ಟ ಹಾಲು, ಬಾಳೆಹಣ್ಣಿಗೆ ನಾಯಿಗಳಂತೆ ಬಾಯಿ ಹಾಕುವ ಸೇವೆಯೂ ಇದೆ. ಆತಕೂರಿನ ಗೊರವ ನಾಯಿಯ ಕಲ್ಲಿಗೆ ಪೂಜೆ ಮಾಡಬೇಕಿತ್ತು, ಮೈಲಾರನ ಗೊರವ ತಾನೇ ನಾಯಿಯಾಗುತ್ತಾನೆ.

ಇನ್ನೊಬ್ಬರನ್ನು "ಬೊಗಳಬೇಡ" ಅಂತ ಬೈಯುವ ನಾಡಿನಲ್ಲೇ ಬೊಗಳುವುದು ಭಕ್ತಿಯೂ ಆಗಿದೆ. ಯಜಮಾನನ ಬಾಗಿಲಲ್ಲಿ ಎಚ್ಚರ ಇರುವವನು ಅನ್ನುವುದೇ ಅದರ ಅರ್ಥ.

ಪೇಟೆ ಬೆಳೆಯಿತು, ಕಾವಲು ಕಾಟವಾಯಿತು

ಬೊಗಳು ತೊಂದರೆ ಅನ್ನಿಸಿದ್ದು ಪೇಟೆ ಬೆಳೆದ ಮೇಲೆ. ದಾವಣಗೆರೆ ಹತ್ತಿ ಗಿರಣಿಗಳ ಊರಾಯಿತು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ರಾತ್ರಿ ಪಾಳಿ ಬಂದ ಮೇಲೆ ರಾತ್ರಿಗೇ ಅರ್ಥ ಬದಲಾಯಿತು. ಹಳ್ಳಿಯಲ್ಲಿ ನಡುರಾತ್ರಿ ನಡೆದು ಬರುವವನು ಅನುಮಾನದ ಆಸಾಮಿ. ಪೇಟೆಯಲ್ಲಿ ಅವನು ಪಾಳಿ ಮುಗಿಸಿ ಬರುವ ಕಾರ್ಮಿಕ, ಲಾರಿ ಇಳಿಸುವ ಹಮಾಲಿ, ಮಂಡಕ್ಕಿ ಭಟ್ಟಿಗೆ ಹೋಗುವ ಕೂಲಿ. ನಾಯಿಗೆ ಮಾತ್ರ ಈ ಬದಲಾವಣೆ ಯಾರೂ ಹೇಳಲಿಲ್ಲ.

ಪೇಟೆ ಆಡಳಿತದ ಉತ್ತರ ಕೊಲ್ಲುವುದಾಗಿತ್ತು. ಬ್ರಿಟಿಷರ ಕಾಲದ ಬೊಂಬಾಯಿಯಲ್ಲಿ ಬೀದಿ ನಾಯಿ ಕೊಂದವರಿಗೆ ತಲೆಗೆ ಇಷ್ಟು ಅಂತ ದುಡ್ಡು ಕೊಡುತ್ತಿದ್ದರು. ದುಡ್ಡಿನಾಸೆಗೆ ಸಾಕಿದ ನಾಯಿಗಳಿಗೂ ಕೈ ಹಾಕಿದಾಗ 1832ರ ಜೂನ್‌ನಲ್ಲಿ ಪಾರ್ಸಿಗಳು ಬೀದಿಗಿಳಿದರು, ಪೇಟೆ ಬಂದ್ ಆಯಿತು, ದೊಡ್ಡ ಗಲಾಟೆಯೇ ನಡೆಯಿತು. ಆದರೂ ನಾಯಿ ಕೊಲ್ಲುವ ಪದ್ಧತಿ ದೇಶದ ನಗರಗಳಲ್ಲಿ ಬಹಳ ಕಾಲ ಉಳಿಯಿತು.

ಇದರ ಹಿಂದೆ ಬೊಗಳಿನ ಸಿಟ್ಟಿಗಿಂತ ಹುಚ್ಚುನಾಯಿ ರೋಗದ ಭಯ ದೊಡ್ಡದಿತ್ತು. ಆ ಭಯ ಸುಳ್ಳಲ್ಲ. ರೋಗ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಲಸಿಕೆಗಾಗಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡ ನೆನಪು ಹಿರಿಯರಿಗೆ ಇನ್ನೂ ಇದೆ. ಈಗ ತೋಳಿಗೆ ಹಾಕುವ ಕೆಲವೇ ಸೂಜಿ ಸಾಕು.

ಕಾನೂನು ತಿರುಗಿದ್ದು ಸ್ವಾತಂತ್ರ್ಯದ ನಂತರ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅದರಡಿ 2001ರಲ್ಲಿ ಬಂದ ನಿಯಮಗಳು ಕೊಲ್ಲುವ ಬದಲು ಸಂತಾನಹರಣ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಎಂದವು. 2023ರಲ್ಲಿ ಹೊಸ ನಿಯಮ ಬಂದರೂ ತಿರುಳು ಅದೇ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು, ಹುಚ್ಚು ಹಿಡಿದ ಮತ್ತು ತೀರಾ ಆಕ್ರಮಣಕಾರಿ ನಾಯಿಗಳನ್ನು ಮಾತ್ರ ಹೊರಗಿಟ್ಟಿತು. ಅದೇ ವರ್ಷ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿನ ನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಕ್ಕೆ ಸಾಗಿಸಬೇಕು, ಮತ್ತೆ ಅಲ್ಲಿಗೆ ಬಿಡಬಾರದು ಎಂದಿತು.

ಮನೆಗೆ ನಾಯಿ ತಂದವರು ಗಮನಿಸಬೇಕಾದ ಸಾಲು ಆಗಸ್ಟ್ ಆದೇಶದಲ್ಲೇ ಇದೆ. ಬೀದಿ ನಾಯಿಯನ್ನು ದತ್ತು ಪಡೆಯಲು ನಗರಸಭೆ, ಪಾಲಿಕೆಗೆ ಅರ್ಜಿ ಕೊಡಬಹುದು, ಆದರೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದ್ದು. ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳುವಂತೆ ಬಿಟ್ಟು ಹೋಗುವುದು 1960ರ ಕಾಯ್ದೆಯಲ್ಲೇ ಅಪರಾಧ. ಮೊದಲ ಸಲದ ದಂಡ ಮಾತ್ರ ಅಂದಿನ ಕಾಲದ್ದು, 10ರಿಂದ 50 ರೂಪಾಯಿ. ಇನ್ನು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಎರಡೂ ಕಡೆ ಮಾತಾಡುತ್ತದೆ. ಬೊಗಳುತ್ತದೆ ಅನ್ನುವ ಕಾರಣಕ್ಕೆ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ. ಹಾಗೆಯೇ ರಾತ್ರಿ ಹೊತ್ತು ಅದನ್ನು ಸುಮ್ಮನಿರಿಸುವ ಪ್ರಯತ್ನ ಸಾಕಿದವರು ಮಾಡಬೇಕು.

ಪಾಳಿ ಮುಗಿಯಿತು ಅಂತ ನಾಯಿಗೆ ಹೇಳುವುದು ಹೇಗೆ

ಇಷ್ಟು ಹಳೇ ನೌಕರಿಯನ್ನು ಒಂದು ರಾತ್ರಿಯಲ್ಲಿ ಬಿಡಿಸಲು ಆಗುವುದಿಲ್ಲ. ಆದರೆ ಒಂದು ನಾಯಿಗೆ ಕೆಲವು ವಾರಗಳಲ್ಲಿ ಬಹಳಷ್ಟು ಕಲಿಸಬಹುದು.

ಮೊದಲು ಕುರಿಗಾರರ ಹಾಗೆ ಕೇಳಿ. ಒಂದು ರಾತ್ರಿ ಬೈಯದೆ ಎದ್ದು ಕೂತು ಗಮನಿಸಿ. ಗೇಟಿನ ಕಡೆ ಮುಖ ಮಾಡಿ ದಪ್ಪ ಧ್ವನಿಯಲ್ಲಿ ಒಂದೇ ಸಮ ಬೊಗಳುತ್ತದೆಯೇ? ಅದು ಕಾವಲು. ಮನೆ ಬಾಗಿಲಿನ ಕಡೆ ಮುಖ ಮಾಡಿ ಸಣ್ಣ ಧ್ವನಿಯಲ್ಲಿ ಬಿಟ್ಟು ಬಿಟ್ಟು ಕರೆಯುತ್ತದೆಯೇ, ನಡುವೆ ಊಳಿಡುತ್ತದೆಯೇ? ಅದು ಒಂಟಿತನ. ಮಲಗಲಾರದೆ ಎದ್ದು ಎದ್ದು ಕೆರೆದುಕೊಳ್ಳುತ್ತದೆಯೇ? ಉಣ್ಣೆ, ಕಜ್ಜಿ, ಹಳೇ ಗಾಯದ ನೋವು ಇರಬಹುದು, ಪಶು ಆಸ್ಪತ್ರೆಗೆ ಕರೆದೊಯ್ಯಿರಿ.

ಕಾವಲಿನ ನಾಯಿಗೆ ಕಾಯುವ ಜಾಗ ಕಡಿಮೆ ಮಾಡಬೇಕು. ಗೇಟಿನ ಹತ್ತಿರ ಕಟ್ಟಿ ಹಾಕಿದರೆ ನೀವೇ ಅದನ್ನು ಪಹರೆಗೆ ನಿಲ್ಲಿಸಿದಂತೆ. ಕಟ್ಟಿದ ನಾಯಿಗೆ ಓಡಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ, ಹಾಗಾಗಿ ಇನ್ನೂ ಹೆಚ್ಚು ಬೊಗಳುತ್ತದೆ. ಹಾಸಿಗೆಯನ್ನು ಒಳಗೋ ಹಿತ್ತಲ ಕಡೆಗೋ ಸರಿಸಿ. ಬೀದಿ ಕಾಣುವ ಗ್ರಿಲ್‌ಗೆ ಗೋಣಿಚೀಲವೋ ಹಳೇ ಸೀರೆಯೋ ಕಟ್ಟಿ. ಫ್ಯಾನ್ ಸದ್ದು ಹೊರಗಿನ ಸಣ್ಣ ಸದ್ದುಗಳನ್ನು ಮುಚ್ಚುತ್ತದೆ.

ಬೊಗಳಿದಾಗ ಒಳಗಿನಿಂದ ಕೂಗಬೇಡಿ. ಯಜಮಾನನೂ ತನ್ನ ಜೊತೆ ಬೊಗಳುತ್ತಿದ್ದಾನೆ ಅನ್ನುವಂತೆಯೇ ಅದಕ್ಕೆ ಕೇಳಿಸುತ್ತದೆ. ಹತ್ತಿರ ಹೋಗಿ, ಅದು ನೋಡುತ್ತಿರುವ ಕಡೆ ನೀವೂ ಒಮ್ಮೆ ನೋಡಿ, ಮೆಲ್ಲಗೆ "ಸಾಕು" ಅನ್ನಿ. ಹೆಸರಿಡಿದು ಕರೆಯಿರಿ. ಬಂದು ಸುಮ್ಮನಾದ ಮೇಲೆ ರೊಟ್ಟಿಯ ಒಂದು ಚೂರು ಕೊಡಿ. ಬೊಗಳುತ್ತಿರುವಾಗ ಕೊಡಬೇಡಿ. ಮನೆಯವರೆಲ್ಲ ಅದೇ ಪದ, ಅದೇ ಧ್ವನಿ ಬಳಸಬೇಕು. ಸುದ್ದಿ ತಲುಪಿದೆ ಅಂತ ಗೊತ್ತಾದರೆ ನಾಯಿ ಪದೇ ಪದೇ ಹೇಳುವುದನ್ನು ಕಡಿಮೆ ಮಾಡುತ್ತದೆ.

ಒಂಟಿತನದ ನಾಯಿಗೆ ಬೇಕಾದ್ದು ಜೊತೆ. ಬೀದಿ ನಾಯಿ ಹುಟ್ಟಿದಾಗಿನಿಂದ ಗುಂಪಿನಲ್ಲಿ ಮಲಗಿದ್ದು. ಮೊದಲ ಕೆಲವು ರಾತ್ರಿ ನಿಮ್ಮ ಉಸಿರು ಕೇಳುವಷ್ಟು ಹತ್ತಿರ ಮಲಗಿಸಿ. ಆಮೇಲೆ ಎರಡು ದಿನಕ್ಕೊಮ್ಮೆ ಹಾಸಿಗೆಯನ್ನು ಒಂದೊಂದು ಮೊಳ ದೂರ ಸರಿಸುತ್ತ ಅದರ ಕಾಯಂ ಜಾಗಕ್ಕೆ ತನ್ನಿ. ನಾಯಿ ಊಳಿಟ್ಟರೆ ಮನೆಗೆ ಸಾವು ಬರುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಆ ಒಂದೇ ಭಯಕ್ಕೆ ನಾಯಿಯನ್ನು ಹೊರಹಾಕುವವರಿದ್ದಾರೆ. ಊಳು ಅಂದರೆ ದೂರದ ಗುಂಪನ್ನು ಕರೆಯುವ ತೋಳದ ಕಾಲದ ಕೂಗು. ಅದು ಯಮನನ್ನು ಕರೆಯುತ್ತಿಲ್ಲ, ತನ್ನವರನ್ನು ಕರೆಯುತ್ತಿದೆ.

ಹಗಲನ್ನೂ ಸರಿಪಡಿಸಬೇಕು. ದಿನವಿಡೀ ಮಲಗಿದ ನಾಯಿ ರಾತ್ರಿ ಮಲಗುವುದಿಲ್ಲ. ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ಸುತ್ತಾಡಿಸಿ, ಬೇಕಾದ್ದನ್ನು ಮೂಸಲು ಬಿಡಿ. ಊಟ ದಿನವೂ ಒಂದೇ ಹೊತ್ತಿಗೆ. ಮಲಗುವ ಮುಂಚೆ ಒಮ್ಮೆ ಉಚ್ಚೆಗೆ ಹೊರಗೆ ಬಿಡಿ. ಹೊಡೆಯಬೇಡಿ, ಬಾಯಿ ಕಟ್ಟಬೇಡಿ. ಬಾಯಿ ಕಟ್ಟಿದ ನಾಯಿಗೆ ನಾಲಿಗೆ ಚಾಚಿ ತೇಕಲು ಆಗುವುದಿಲ್ಲ, ಸೆಕೆಗಾಲದಲ್ಲಿ ಜೀವಕ್ಕೇ ಅಪಾಯ.

ಒಂದು ಎಚ್ಚರಿಕೆ ಮರೆಯಬಾರದು. ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ನಾಯಿಯ ಧ್ವನಿ ಇದ್ದಕ್ಕಿದ್ದಂತೆ ಒಡೆದು ಕೀರಲಾದರೆ, ಜೊಲ್ಲು ಸುರಿದರೆ, ನುಂಗಲು ಕಷ್ಟಪಟ್ಟರೆ, ಕಂಡದ್ದನ್ನೆಲ್ಲ ಕಚ್ಚಿದರೆ ಅದು ರೇಬೀಸ್ ಲಕ್ಷಣ ಇರಬಹುದು. ಹತ್ತಿರ ಹೋಗದೆ ಪಶು ವೈದ್ಯರಿಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಮರಿಯೇ ಆದರೂ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಖಾರದಪುಡಿ, ಸುಣ್ಣ ಹಚ್ಚಬೇಡಿ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸಿ. ಸಂತಾನಹರಣ ಮಾಡಿಸಿದರೆ ಬೆದೆಯ ಕಾಲದ ಅಲೆದಾಟ, ಜಗಳ ಕಡಿಮೆಯಾಗುತ್ತದೆ.

ಕೊನೆಯದು ನೆರೆಯವರ ವಿಷಯ. ಅವರು ದೂರು ತರುವ ಮುಂಚೆ ನೀವೇ ಹೋಗಿ ಹೇಳಿ: "ಅಕ್ಕಾ, ಬೀದಿಯಾಗಿದ್ದ ನಾಯಿ ತಂದೀವಿ, ಕಲಿಸಾಕ್ ಹತ್ತೀವಿ, ಸ್ವಲ್ಪ ದಿನ ತಡಕೊಳ್ರಿ." ಅವರ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ, ಕಾಯಿಲೆಯವರಿದ್ದರೆ ಕೇಳಿ ತಿಳಿದುಕೊಂಡು ಆ ಗೋಡೆಯಿಂದ ದೂರಕ್ಕೆ ನಾಯಿಯ ಹಾಸಿಗೆ ಹಾಕಿ. ಅವರ ನಿದ್ದೆಯೂ ನಾಯಿಯ ಜೀವದಷ್ಟೇ ಮುಖ್ಯ. ಎಷ್ಟೋ ನಾಯಿಗಳು ಮನೆ ಕಳೆದುಕೊಳ್ಳುವುದು ಬೊಗಳಿನಿಂದ ಅಲ್ಲ, ಬೊಗಳಿನ ಸುತ್ತ ಬೆಳೆದ ಜಗಳದಿಂದ.

ಇನ್ನು, ಕುರಿ ರೊಪ್ಪ ಕಾಯುವವರಿಗೆ, ತೋಟದ ಮನೆಯಲ್ಲಿ ಒಂಟಿಯಾಗಿರುವವರಿಗೆ ಬೊಗಳು ಕಡಿಮೆ ಮಾಡಿಸುವ ಈ ಮಾತು ಬೇಡ. ಲಸಿಕೆ ಹಾಕಿಸಿ, ಹೊತ್ತಿಗೆ ಮುದ್ದೆ ಹಾಕಿ. ಅಲ್ಲಿ ಅದರ ನೌಕರಿ ಇನ್ನೂ ಖಾಯಂ ಇದೆ.